ಅವ್ವ ಬರೀ ಕೈಹಚ್ಚಲಿಲ್ಲ

ನಮ್ಮ ಅಪ್ಪ ಫೋಟೋಗ್ರಾಫರ್. ಶಕ್ತಿನಗರದ ಹಳಬರಿಗೆಲ್ಲ ಇದು ಗೊತ್ತು. 1985ರಲ್ಲಿ ಇಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದ ಕಾಲಕ್ಕೆ ಅವರು ಸ್ಟುಡಿಯೋ ತೆರೆದರು. ಕಾಲೊನಿಯ ಮದುವೆ, ನಾಮಕರಣ, ಗಂಡಿನ ಮನೆಗೆ ಕಳಿಸುವ ಹುಡುಗಿಯ ಫೋಟೋ ಎಲ್ಲ ಅವರದೇ. ಮೊನ್ನೆ ಊರವರು ಅವರಿಗೆ ಶಾಲು ಹೊದಿಸಿದರು. ಮಾತಾಡಿದವರೊಬ್ಬರು ಕೊನೆಗೆ, "ಅವರ ಮನಿಯವರೂ ಕೆಲಸದಾಗ ಕೈಹಚ್ಚತಿದ್ರು" ಎಂದರು. ಚಪ್ಪಾಳೆ ಬಿತ್ತು. ನನಗೆ ಮಾತ್ರ ಆ ಮಾತು ಜಾಲಿಮುಳ್ಳಿನಂತೆ ನೆಟ್ಟಿತು.

ಅವ್ವ ಏನು ಮಾಡುತ್ತಿದ್ದಳು, ಕೇಳಿ. ಪೂರಾ ಕತ್ತಲಲ್ಲಿ, ಬೆರಳ ಅಂದಾಜಿನಲ್ಲೇ ಫಿಲಂ ರೋಲನ್ನು ಸುರುಳಿಗೆ ಏರಿಸುತ್ತಿದ್ದಳು. ಡೆವಲಪರ್ ಸುಮಾರು 20 ಡಿಗ್ರಿಯಲ್ಲಿರಬೇಕು. ನಮ್ಮ ಬೇಸಿಗೆ 40 ದಾಟುತ್ತದೆ. ಹದ ತಪ್ಪಿದರೆ ನೆಗೆಟಿವ್ ಕಪ್ಪಾಗುತ್ತದೆ, ಅದರ ಲೇಪವೇ ಮೆತ್ತಗಾಗಿ ಏಳುತ್ತದೆ. ಅದಕ್ಕೇ ಮಂಜುಗಡ್ಡೆ, ಮಡಕೆಯ ನೀರು ಇಟ್ಟುಕೊಂಡು ಅಡುಗೆ ಮುಗಿದ ಮೇಲೆ ರಾತ್ರಿ ಕೂಡುತ್ತಿದ್ದಳು. ಕೆಂಪು ದೀಪದಡಿ ಬ್ರೋಮೈಡ್ ಕಾಗದದ ಮೇಲೆ ಮುಖ ಮೂಡುವಾಗ, ಯಾವ ಕ್ಷಣಕ್ಕೆ ಎತ್ತಿ ಹೈಪೋಕ್ಕೆ ಹಾಕಬೇಕೆಂದು ತೀರ್ಮಾನಿಸುವವಳೂ ಅವಳೇ. ಡೆವಲಪರಿನಲ್ಲಿದ್ದ ಮೆಟಾಲ್ ಅವಳ ಚರ್ಮಕ್ಕೆ ಆಗುತ್ತಿರಲಿಲ್ಲ. ಬೆರಳು ಬಿರಿದು, ರೊಟ್ಟಿ ಬಡಿಯುವಾಗ ರಕ್ತ ಜಿನುಗುತ್ತಿತ್ತು.

ಕ್ಯಾಮೆರಾ ಹಿಡಿದವರೇ ಫೋಟೋಗ್ರಾಫರ್ ಅಲ್ಲವೇ ಎನ್ನುತ್ತೀರಾ? ಗಿರಾಕಿ ದುಡ್ಡು ಕೊಟ್ಟದ್ದು ಕ್ಲಿಕ್ ಎಂಬ ಸದ್ದಿಗಲ್ಲ, ಕೈಗೆ ಬಂದ ಚಿತ್ರಕ್ಕೆ. ಆ ದುಡ್ಡು ಹೋಗುತ್ತಿದ್ದ ಗಲ್ಲಾದ ಕೀಲಿ ಅಪ್ಪನ ಉಡಿದಾರದಲ್ಲಿತ್ತು. ಮುಂದೆ ಕಲರ್ ಲ್ಯಾಬ್‌ಗಳು ಬಂದವು, ರೋಲುಗಳು ಯಂತ್ರಕ್ಕೆ ಹೋದವು. ಅಪ್ಪ ಫೋಟೋಗ್ರಾಫರಾಗಿಯೇ ಉಳಿದರು. ಅವ್ವನಿಗೆ "ಪಾಡಾತು ಬಿಡು, ಆರಾಮ ಸಿಕ್ತು" ಎಂದರು. ಅವಳ ಕೆಲಸ ಹೋಯಿತೆಂದು ಯಾರೂ ಅನ್ನಲಿಲ್ಲ. ಅವಳಿಗೊಂದು ಕೆಲಸವಿತ್ತೆಂದು ಮೊದಲು ಯಾರಾದರೂ ಒಪ್ಪಿದ್ದರಲ್ಲವೇ?

ಇದು ನಮ್ಮ ಮನೆಯೊಂದರದೇ ಕಥೆಯಲ್ಲ. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಅವರ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. ಪದ್ಮವಿಭೂಷಣ ಬಂದದ್ದು 2011ರಲ್ಲಿ, ತೊಂಬತ್ತು ದಾಟಿದ ಮೇಲೆ. ಅವರ ಹೆಸರಾದರೂ ಕೊನೆಗೆ ಹೊರಬಂತು.

ಅದೇ 2011ರಲ್ಲಿ ನಾನು ಜನಗಣತಿಗೆ ಹೋಗಿದ್ದೆ. ಒಂದು ಕಿರಾಣಿ ಅಂಗಡಿಯಲ್ಲಿ ಹೆಂಡತಿ ಬೆಲ್ಲ ತೂಗುತ್ತಿದ್ದಳು. "ಇವರ ಕೆಲಸ?" ಎಂದು ಕೇಳಿದೆ. "ಏನಿಲ್ರಿ, ಮನ್ಯಾಗ ಇರತಾಳ" ಎಂದ ಗಂಡ. ತಕ್ಕಡಿ ಅವಳ ಕೈಯಲ್ಲೇ ಇತ್ತು! ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿದರೂ ಅದು ಕೆಲಸವೇ ಎಂದು ಗಣತಿಯ ನಿಯಮವೇ ಹೇಳುತ್ತದೆ. ನನಗದು ಗೊತ್ತಿತ್ತು. ಆದರೂ ಅವಸರದಲ್ಲಿ ಅವನು ಹೇಳಿದ್ದನ್ನೇ ಬರೆದುಕೊಂಡು ಬಂದೆ. ಅವ್ವನ ಮಗಳೇ ಹೀಗೆ ಮಾಡಿದ ಮೇಲೆ ಊರವರನ್ನು ಬೈದು ಏನು ಫಲ?

ಗೆಳತಿಯರೇ, ನಿಮ್ಮ ಮನೆಯ ಟೇಲರ್ ಅಂಗಡಿಯಲ್ಲಿ ಕಾಜಾ ಹಾಕುವವರು ಯಾರು? ಖಾನಾವಳಿಯ ರೊಟ್ಟಿ ಬಡಿಯುವವರು ಯಾರು? "ಕೈಹಚ್ಚತೀನಿ" ಎಂಬ ಮಾತನ್ನು ಮೊದಲು ನಾವೇ ಬಿಡೋಣ. ದುಡಿಯುತ್ತೇನೆ ಎನ್ನೋಣ. ಅಂಗಡಿಯ ಬೋರ್ಡಿನಲ್ಲಿ, ಬ್ಯಾಂಕಿನ ಖಾತೆಯಲ್ಲಿ ನಮ್ಮ ಹೆಸರನ್ನೂ ಕೇಳೋಣ.

ಅಪ್ಪನ ಶಾಲಿನ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಅದು ಇಬ್ಬರದು ಎನ್ನುತ್ತೇನೆ, ಅಷ್ಟೇ. ಅವ್ವನಿಗೆ ಇದನ್ನೆಲ್ಲ ಹೇಳಿದರೆ, "ಹೋಗಲಿ ಬಿಡವಾ" ಎಂದಳು.

ಇಲ್ಲ ಅವ್ವಾ, ಬಿಡುವುದಿಲ್ಲ.