ದೌರ್ಬಲ್ಯಕ್ಕೂ ಅಂಕ ಕೊಡುವ ಆಟ

ಕಾರಿನಲ್ಲಿ ನಾವು ಕನ್ನಡದಲ್ಲಿ ಕೇಳುತ್ತೇವೆ. ಹಿಂದಿನ ಸೀಟಿನಿಂದ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಮಕ್ಕಳಿಗೆ ಕನ್ನಡ ಅರ್ಥವಾಗುವುದಿಲ್ಲ ಎಂದಲ್ಲ. ತಪ್ಪಾದರೆ ನಗುತ್ತಾರೆ ಎಂಬ ಅಳುಕು. ಒಪ್ಪಿಕೊಳ್ಳೋಣ, ನಾವು ನಕ್ಕಿದ್ದೇವೆ. ಮಗು "ಅಜ್ಜಿ ಬಂದ" ಎಂದಾಗ ಮನೆಮಂದಿಯೆಲ್ಲ ನಕ್ಕು, ಅದನ್ನೇ ನೆಂಟರಿಗೆ ಫೋನಿನಲ್ಲಿ ಹೇಳಿ ಇನ್ನೊಮ್ಮೆ ನಗುತ್ತೇವೆ. ಆಮೇಲೆ ಆ ಮಗುವಿಗೆ ಸುಮ್ಮನಿರುವುದೇ ವಾಸಿ ಅನ್ನಿಸಿದರೆ ತಪ್ಪು ಯಾರದು?

ಈ ಅಳುಕಿಗೆ ಒಂದು ಮದ್ದು ನನಗೆ ಸಿಕ್ಕಿದ್ದು ಸೂಪರ್‌ಹೀರೋ ಆಟವೊಂದರ ನಿಯಮದಲ್ಲಿ.

1981ರಲ್ಲಿ, ಕ್ಯುಪರ್ಟಿನೋದಿಂದ ಹೆಚ್ಚು ದೂರವಿಲ್ಲದ ಸ್ಯಾನ್ ಮಟೇಯೊದಲ್ಲಿ ನಡೆದ ಆಟಗಳ ಸಮ್ಮೇಳನವೊಂದರಲ್ಲಿ 'ಚಾಂಪಿಯನ್ಸ್' ಎಂಬ ಆಟ ಮೊದಲು ಮಾರಾಟಕ್ಕೆ ಬಂತು. ಅದನ್ನು ರೂಪಿಸಿದವರು ಜಾರ್ಜ್ ಮೆಕ್‌ಡೊನಾಲ್ಡ್ ಮತ್ತು ಸ್ಟೀವ್ ಪೀಟರ್ಸನ್. ಇದು ವಿಡಿಯೋ ಗೇಮ್ ಅಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಮಾತಿನಲ್ಲೇ ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬ ಸೂಪರ್‌ಹೀರೋ ಆಗಿ "ನಾನು ಹೀಗೆ ಮಾಡುತ್ತೇನೆ" ಎನ್ನುತ್ತಾರೆ. ಅದು ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ.

ಅದಕ್ಕೂ ಮೊದಲು ಬಂದ ಇಂಥ ಕೆಲವು ಆಟಗಳಲ್ಲಿ ಪಾತ್ರದ ಶಕ್ತಿ ದಾಳ ಬಿದ್ದ ಹಾಗೆ. 'ಚಾಂಪಿಯನ್ಸ್'ನಲ್ಲಿ ಹಾಗಲ್ಲ. ಆಗ ಪ್ರತಿಯೊಬ್ಬರಿಗೂ 100 ಅಂಕ ಸಿಗುತ್ತಿತ್ತು. ಹಾರುವುದು, ಗೋಡೆ ಒಡೆಯುವುದು, ಮಾಯವಾಗುವುದು, ಎಲ್ಲವನ್ನೂ ಆ ಅಂಕದಲ್ಲೇ ಕೊಳ್ಳಬೇಕಿತ್ತು. ಇನ್ನೂ ಅಂಕ ಬೇಕೇ? ಹಾಗಾದರೆ ಒಂದು ದೌರ್ಬಲ್ಯವನ್ನು ಒಪ್ಪಿಕೊಳ್ಳಿ: ಬೆನ್ನು ಬಿಡದ ಶತ್ರು, ಗುಟ್ಟಾಗಿಡಬೇಕಾದ ನಿಜವಾದ ಹೆಸರು, ಕಾಪಾಡಲೇಬೇಕಾದ ಮನೆಯವರು. ಆದರೆ ಕಥೆಯಲ್ಲಿ ನಿಜಕ್ಕೂ ಅಡ್ಡ ಬರದ ದೌರ್ಬಲ್ಯಕ್ಕೆ ಅಂಕವಿಲ್ಲ.

ನಮ್ಮ ಕಥೆಗಳಿಗೆ ಇದು ಹೊಸದೇನಲ್ಲ. ಅಭಿಮನ್ಯುವಿಗೆ ಚಕ್ರವ್ಯೂಹದ ಒಳಗೆ ಹೋಗುವುದು ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ. ಹನುಮಂತನಿಗೆ ತನ್ನ ಬಲವೇ ಮರೆತಿರುತ್ತದೆ, ಜಾಂಬವಂತ ನೆನಪಿಸಬೇಕು. ಕೊರತೆ ಇಲ್ಲದ ವೀರನ ಬಗ್ಗೆ ಹೇಳಲು ಕಥೆಯೇ ಇರುವುದಿಲ್ಲ.

ಇಂಥ ಆಟ ಅಮೆರಿಕದ್ದು, ನಮಗೆ ಹೊಂದುವುದಿಲ್ಲ ಎನ್ನುವವರು ಕರಾವಳಿಯ ಮತ್ತು ಕಾಸರಗೋಡಿನ ತಾಳಮದ್ದಳೆಯನ್ನು ನೆನೆಯಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ವಾಲಿಯಾಗಿ, ರಾಮನಾಗಿ ವಾದ ಹೂಡುತ್ತಾರೆ. ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರಾದದ್ದು ಆ ಕ್ಷಣಕ್ಕೆ ಹೊಳೆಯುವ ಮಾತಿನಿಂದಲೇ. ಒಂದೇ ವ್ಯತ್ಯಾಸ: ಅಲ್ಲಿ ವಾಲಿ ಕೊನೆಗೆ ಸಾಯಲೇಬೇಕು, ಇಲ್ಲಿ ಕೊನೆ ಏನೆಂದು ಯಾರಿಗೂ ಗೊತ್ತಿಲ್ಲ.

ಹಾಗಾಗಿ ನನ್ನ ಸಲಹೆ ಇದು: ನಮ್ಮ ಮಕ್ಕಳೇ ಒಂದು ಕನ್ನಡ ಸೂಪರ್‌ಹೀರೋ ಆಟವನ್ನು ಕಟ್ಟಲಿ. ಮಕ್ಕಳೇ, ಶುರುಮಾಡಲು ಇಷ್ಟು ಸಾಕು. ನಿಮ್ಮ ಹೀರೋಗೆ 10 ಅಂಕ. ಶಕ್ತಿಗಳ ಬೆಲೆಯನ್ನು ನೀವೇ ಕೂಡಿ ನಿರ್ಧರಿಸಿ. ಒಂದು ದೌರ್ಬಲ್ಯ ಬರೆದರೆ ಇನ್ನೂ 3 ಅಂಕ. ಕಥೆ ಸ್ಟೀವನ್ಸ್ ಕ್ರೀಕ್ ರಸ್ತೆಯಲ್ಲೇ ನಡೆಯಲಿ. ದಾಳದ ಬದಲು ಚೌಕಾಬಾರದ ಕವಡೆ: 3 ಕವಡೆ ಎಸೆದು, 2 ಬಾಯಿ ಮೇಲಾಗಿ ಬಿದ್ದರೆ ಕೆಲಸ ಆಯಿತು. ಮಾಡುವುದನ್ನು ಒಂದು ಪೂರ್ತಿ ಕನ್ನಡ ವಾಕ್ಯದಲ್ಲಿ ಹೇಳಿದರೆ ಒಂದು ಕವಡೆ ಹೆಚ್ಚು. ವಾಕ್ಯ ತಪ್ಪಿದ್ದರೂ ಆ ಕವಡೆ ನಿಮ್ಮದೇ. "ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದರೆ ಮತ್ತೊಂದು.

ಆಟದಲ್ಲಿ ಯಾವುದಕ್ಕೆ ಅಂಕ ಇದೆಯೋ ಅದನ್ನೇ ಆಡುವವರು ಮಾಡುತ್ತಾರೆ. ತಪ್ಪಿಗೆ ಅಂಕ ಕಳೆದರೆ ಸಿಗುವುದು ಮೌನ. ಗೊತ್ತಿಲ್ಲ ಎಂದು ಒಪ್ಪಿಕೊಂಡವರಿಗೆ ಅಂಕ ಕೊಟ್ಟರೆ ಸಿಗುವುದು ಮಾತು.

ವಾರಕ್ಕೊಮ್ಮೆ ಸಿಗುವ ತರಗತಿಯಲ್ಲಿ ಕಾಗುಣಿತ ಬಿಟ್ಟು ಆಟವೇ ಎಂದು ಕೆಲವು ಪೋಷಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾಗುಣಿತ ಬಿಡುವುದು ಬೇಡ. ತಿಂಗಳಿಗೊಮ್ಮೆ ಕೊನೆಯ 20 ನಿಮಿಷ ಸಾಕು. ಹೀರೋನ ಹೆಸರು, ಶಕ್ತಿ, ದೌರ್ಬಲ್ಯ ಎಲ್ಲವನ್ನೂ ಮಕ್ಕಳು ಕನ್ನಡದಲ್ಲೇ ಬರೆಯಬೇಕಾಗುವುದರಿಂದ ಬರವಣಿಗೆಯೂ ಆಗುತ್ತದೆ. ಅರ್ಥವಾಗುವ ಭಾಷೆಯನ್ನು ಆಡಲು ಹಿಂಜರಿಯುವ ಮಗು ನಾಳೆ ತನ್ನ ಮಕ್ಕಳಿಗೆ ಅದನ್ನು ಹೇಗೆ ಕೊಟ್ಟೀತು?

ದೊಡ್ಡವರಿಗೂ ಒಂದು ನಿಯಮ: ಕಥೆ ನಡೆಸುವಾಗ ತಿದ್ದಬೇಡಿ, ನಗಬೇಡಿ. ಮಗು "ಅಜ್ಜಿ ಬಂದ" ಎಂದರೆ, "ಹೌದಾ! ಅಜ್ಜಿ ಬಂದರಾ? ಆಮೇಲೆ ಏನಾಯ್ತು?" ಎಂದು ಕೇಳಿ. ಸರಿಯಾದ ರೂಪ ಕಿವಿಗೆ ಬೀಳುತ್ತದೆ, ಕಥೆಯೂ ಮುಂದೆ ಹೋಗುತ್ತದೆ.

ಈ ತಿಂಗಳು ಮನೆಯಲ್ಲಿ ಒಮ್ಮೆ ಆಡಿ ನೋಡಿ. ಅಪ್ಪ ಅಮ್ಮಂದಿರೂ ಒಂದೊಂದು ಹೀರೋ ಆಗಿ, ನಿಮ್ಮ ದೌರ್ಬಲ್ಯವನ್ನು ಮೊದಲು ಬರೆಯಿರಿ.