ನಿನ್ನ ಬಗ್ಗೆ ಹೇಳೋರು ಯಾರಿದ್ದಾರೆ?

ಹೋದ ವರ್ಷ ಆಷಾಢ ಕಳೆದು ಶ್ರಾವಣ ಹತ್ತಿದ ವಾರ, ನಮ್ಮ ಪರಿಚಯದ ಹುಡುಗಿಯೊಬ್ಬಳಿಗೆ ಜೊತೆಯಾಗಿ ಕತ್ರಿಗುಪ್ಪೆ, ಹೊಸಕೆರೆಹಳ್ಳಿಯ ಬೀದಿಗಳಲ್ಲಿ ಮನೆ ಹುಡುಕುತ್ತ ಅಲೆದೆ. ಅವಳು ಹಾವೇರಿ ಕಡೆಯವಳು, ಬೆಂಗಳೂರಿನಲ್ಲಿ ನರ್ಸ್. ಐದು ವರ್ಷ ಆಸ್ಪತ್ರೆಯ ಹಾಸ್ಟೆಲಿನಲ್ಲೇ ಇದ್ದಳು. ತಂದೆ ತೀರಿಕೊಂಡ ಮೇಲೆ ಊರಲ್ಲಿ ಒಬ್ಬರೇ ಉಳಿದ ತಾಯಿಯನ್ನು ಕರೆತಂದು ಇಟ್ಟುಕೊಳ್ಳಬೇಕಾಗಿತ್ತು. ನಾಲ್ಕನೆಯ ಮನೆ ಹಿಡಿಸಿತು. ಒಂದು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಗೆದು ಹರವಲು ಸ್ವಲ್ಪ ಜಾಗ. ಬಾಡಿಗೆ ಒಂಬತ್ತು ಸಾವಿರ, ಅಡ್ವಾನ್ಸ್ ತೊಂಬತ್ತು ಸಾವಿರ. ಎರಡಕ್ಕೂ ಚೌಕಾಸಿ ಮಾಡದೆ ಒಪ್ಪಿದಳು. ಆಗ ಮನೆಯೊಡತಿ ಕೇಳಿದರು: "ಹಿಂದಿನ ಮನೆ ಓನರ್ ನಂಬರ್ ಕೊಡಮ್ಮ, ಒಂದು ಮಾತು ಕೇಳಿಬಿಡ್ತೀನಿ."

"ಬಾಡಿಗೆ ಮನ್ಯಾಗ ಇರ್ಲಿಲ್ರೀ ಆಂಟಿ, ಹಾಸ್ಟೆಲ್‌ನ್ಯಾಗ ಇದ್ದೆ."

"ಹಾಗಾದ್ರೆ ನಿನ್ನ ಬಗ್ಗೆ ಹೇಳೋರು ಯಾರಿದ್ದಾರೆ?"

ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲಿತ್ತು. ಆಧಾರ್ ಪ್ರತಿ, ನೇಮಕಾತಿ ಪತ್ರ, ಆರು ತಿಂಗಳ ಸಂಬಳದ ಚೀಟಿ, ಹಾಸ್ಟೆಲಿಗೆ ತಿಂಗಳು ತಿಂಗಳೂ ಕಟ್ಟಿದ ಹಣದ ರಸೀದಿ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಕೊಂಡು ಬಂದಿದ್ದಳು. ಅದನ್ನು ತೆರೆಯುವ ಪ್ರಸಂಗವೇ ಬರಲಿಲ್ಲ. "ಮನೆಯವರನ್ನ ಕೇಳಿ ಹೇಳ್ತೀನಿ" ಎಂದು ಬಾಗಿಲು ಹಾಕಿಕೊಂಡರು. ಬಾಡಿಗೆ ಮನೆ ಹುಡುಕಿದವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಅಂದಿನಿಂದ ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ಮನೆ ಕೇಳಿಕೊಂಡು ಬಂದವರನ್ನು ನಂಬುವುದಕ್ಕೆ ಹಳೆಯ ಮಾಲೀಕನ ಮಾತೇ ಆಧಾರವಾಗಬೇಕೆ? ಹಾಗೆ ಹೇಳುವವರು ಯಾರೂ ಇಲ್ಲದವರು ಎಲ್ಲಿಗೆ ಹೋಗಬೇಕು?

ಮೊದಲು ಮನೆ ಕೊಡುವವರ ಅಂಜಿಕೆಯನ್ನು ಹೇಳುತ್ತೇನೆ, ಏಕೆಂದರೆ ಅದು ಸುಳ್ಳು ಅಂಜಿಕೆಯಲ್ಲ. ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲಿದ್ದ ನಾನು ಈಗ ನಮ್ಮ ಮಹಡಿಯ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ, ಎರಡು ಕಡೆಯ ಕಷ್ಟವೂ ಗೊತ್ತು. ಬೆಂಗಳೂರಿನ ಬಡಾವಣೆಗಳಲ್ಲಿ ಮೇಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರಲ್ಲಿ ಬಹಳ ಮಂದಿ ನಿವೃತ್ತಿಯ ಹಣವನ್ನು ಅದಕ್ಕೇ ಸುರಿದವರು. ಅವರಿಗೆ ಬಾಡಿಗೆಯೇ ಪಿಂಚಣಿ, ಅದರಲ್ಲೇ ಔಷಧಿ, ಅದರಲ್ಲೇ ಬ್ಯಾಂಕಿನ ಕಂತು. ಬಂದವರು ಬಾಡಿಗೆ ನಿಲ್ಲಿಸಿ, ಮನೆಯನ್ನೂ ಬಿಡದೆ ಕೂತರೆ ಕೋರ್ಟು ಹತ್ತಬೇಕು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಮನೆ ಖಾಲಿಯಾದರೆ ಕಂಟ್ರೋಲರ್‌ಗೆ ತಿಳಿಸಬೇಕಿತ್ತು, ಅಲ್ಲಿಂದಲೇ ಬಾಡಿಗೆದಾರರು ಗೊತ್ತಾಗುವುದೂ ಇತ್ತು. ಒಮ್ಮೆ ಹೊಕ್ಕವರನ್ನು ಬಿಡಿಸಲು ವರ್ಷಗಟ್ಟಲೆ ಅಲೆದ ಕಥೆಗಳು ಹಳೆಯ ಮನೆತನಗಳಲ್ಲಿ ಇನ್ನೂ ಜೀವಂತವಾಗಿವೆ. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರಿನಲ್ಲಿ ಹಾಕಿಕೊಂಡ ಮಿತಿ ತಿಂಗಳಿಗೆ 3,500 ರೂಪಾಯಿ ಬಾಡಿಗೆ. ಇವತ್ತು ಆ ಬಾಡಿಗೆಗೆ ಮನೆ ಎಲ್ಲಿದೆ? ಉಳಿದ ಮನೆಗಳಿಗೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಸಿವಿಲ್ ದಾವೆಯೇ ಗತಿ. ಕಾನೂನು ಬೇಗ ಕೈಹಿಡಿಯುವುದಿಲ್ಲ ಎಂದು ಗೊತ್ತಿರುವವರು ಬಾಗಿಲಲ್ಲೇ ಹತ್ತು ಪ್ರಶ್ನೆ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ನನ್ನ ತಕರಾರು ಕೇಳುವ ಪ್ರಶ್ನೆಯ ಬಗ್ಗೆ.

ಹಳೆಯ ಮಾಲೀಕನ ಮಾತು ಎಂಥ ಸಾಕ್ಷಿ ಎಂದು ಸ್ವಲ್ಪ ಕೂತು ಯೋಚಿಸಬೇಕು. ಬಾಡಿಗೆ ಸರಿಯಾಗಿ ಕೊಡದ, ದಿನವೂ ಜಗಳವಾಡುವ ಬಾಡಿಗೆದಾರ ಬಿಟ್ಟು ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ಫೋನ್ ಬಂದಾಗ ಆ ಮಾಲೀಕ ಏನು ಹೇಳಿಯಾನು? "ಬಹಳ ಒಳ್ಳೆಯವರು, ಧೈರ್ಯವಾಗಿ ಕೊಡಿ" ಎಂದೇ ಹೇಳುತ್ತಾನೆ, ತನ್ನ ಮನೆ ಖಾಲಿಯಾದರೆ ಸಾಕು ಅವನಿಗೆ. ಇನ್ನೊಬ್ಬ ಬಾಡಿಗೆದಾರ ಒಂದು ದಿನವೂ ತಪ್ಪದೆ ಬಾಡಿಗೆ ಕೊಟ್ಟವನು, ಆದರೆ ಬಿಡುವಾಗ ಅಡ್ವಾನ್ಸ್ ಲೆಕ್ಕ ಕೇಳಿದ. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡದ್ದಲ್ಲದೆ ನಲ್ಲಿಗೆ ಇಷ್ಟು, ಗೋಡೆಯ ಮೊಳೆಗೆ ಇಷ್ಟು ಎಂದಾಗ ಎದುರು ಮಾತಾಡಿದ. ಅವನ ಬಗ್ಗೆ ಅದೇ ಮಾಲೀಕನ ಬಾಯಲ್ಲಿ ಯಾವ ಮಾತು ಬಂದೀತು? ತೊಂದರೆ ಕೊಟ್ಟವನು ಹೊಗಳಿಸಿಕೊಂಡು ಹೋಗುತ್ತಾನೆ, ಹಕ್ಕು ಕೇಳಿದವನು ಕೆಟ್ಟವನಾಗುತ್ತಾನೆ. ಹಣದ ವ್ಯವಹಾರ ಇನ್ನೂ ಚುಕ್ತಾ ಆಗದ ಒಬ್ಬ ಕಕ್ಷಿಗಾರನನ್ನೇ ಇನ್ನೊಬ್ಬನ ಗುಣಕ್ಕೆ ಸಾಕ್ಷಿ ಮಾಡಿದರೆ ನಿಜ ಹೊರಬರುವುದು ಹೇಗೆ?

ಅದೇ ಕಾರಣಕ್ಕೆ ಬಾಡಿಗೆದಾರರು ಬಾಯಿ ಕಟ್ಟಿಕೊಂಡಿರುತ್ತಾರೆ. ಮುಂದಿನ ಮನೆ ಸಿಗಬೇಕಾದರೆ ಈ ಮನೆಯವರ ಬಾಯಲ್ಲಿ ಒಳ್ಳೆಯ ಮಾತು ಬೇಕು ಎಂದಾದರೆ, ನೀರು ಬಿಡದಿದ್ದರೂ ಕೇಳುವಂತಿಲ್ಲ, ಅಡ್ವಾನ್ಸ್ ಮುರಿದುಕೊಂಡರೂ ಕೇಳುವಂತಿಲ್ಲ. ಅಷ್ಟಾದರೂ ಇದು ಒಂದೇ ಕಡೆಯ ವಿಚಾರಣೆ. ಮನೆ ನೋಡಲು ಹೋದವರು "ನಿಮ್ಮ ಹಿಂದಿನ ಬಾಡಿಗೆದಾರರ ನಂಬರ್ ಕೊಡಿ, ನೀವು ಅಡ್ವಾನ್ಸ್ ಸರಿಯಾಗಿ ವಾಪಸ್ ಕೊಟ್ಟಿರಾ ಅಂತ ಕೇಳಬೇಕು" ಎಂದು ಎಂದಾದರೂ ಕೇಳಿದ್ದುಂಟೆ? ಕೇಳಿದರೆ ಮೆಟ್ಟಿಲಿಳಿಯಬೇಕಾಗುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡುವವರಿಗೆ ಆ ಹಣ ವಾಪಸ್ ಬರುತ್ತದೆಯೇ ಎಂಬ ಭಯ, ಮನೆ ಕೊಡುವವರ ಭಯಕ್ಕಿಂತ ಕಡಿಮೆಯದೇನಲ್ಲ.

ಸಾಕ್ಷಿಯನ್ನು ಉಳಿಯಗೊಡದವರೇ ಸಾಕ್ಷಿ ಕೇಳುವುದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಬಾಡಿಗೆಯನ್ನು ನಗದಾಗಿ ಕೈಗೆ ಕೊಡಿ ಎನ್ನುವವರು ಎಷ್ಟೋ ಮಂದಿ. ವರ್ಷಕ್ಕೆ ಒಂದು ಲಕ್ಷ ಮೀರಿ ಬಾಡಿಗೆ ಕೊಡುವ ನೌಕರ ತೆರಿಗೆಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯಬೇಕಾದರೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕು. ಅದನ್ನು ಕೇಳಿದರೆ ಮುಖ ಗಂಟಾಗುತ್ತದೆ. ಒಂದು ವರ್ಷ ಮೀರಿದ ಕರಾರು ನೋಂದಣಿಯಾಗಬೇಕು ಎನ್ನುವುದು 1908ರ ನೋಂದಣಿ ಕಾಯ್ದೆ. ಹಾಗಾಗಿ ಎಲ್ಲ ಕಡೆಯೂ ಹನ್ನೊಂದು ತಿಂಗಳ ಅಗ್ರಿಮೆಂಟ್. ಎಷ್ಟೋ ಮನೆಗಳಲ್ಲಿ ಮೊದಲ ವರ್ಷದ ಆ ಕಾಗದವೂ ಮುಂದೆ ಹೊಸದಾಗುವುದಿಲ್ಲ, ಬಾಯಿಮಾತಿನಲ್ಲೇ ಆರೇಳು ವರ್ಷ ಕಳೆಯುತ್ತದೆ. ಹೀಗೆ ರಸೀದಿಯಿಲ್ಲದೆ, ಕರಾರಿಲ್ಲದೆ ನಿಯತ್ತಾಗಿ ಬಾಡಿಗೆ ಕೊಟ್ಟವರು ಹೊರಡುವಾಗ ಆ ನಿಯತ್ತಿಗೆ ದಾಖಲೆಯೇ ಇರುವುದಿಲ್ಲ. ಇರುವುದು ಒಬ್ಬರ ಮರ್ಜಿಯ ಮಾತು ಮಾತ್ರ.

ಇನ್ನು, ಹಿಂದಿನ ಮನೆಯೇ ಇಲ್ಲದವರ ಮಾತು. ಮೊದಲ ನೌಕರಿಗೆ ಬಂದವರು, ಪಿ.ಜಿ.ಯಲ್ಲಿದ್ದವರು, ಅಣ್ಣನ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಇದ್ದವರು, ಸ್ವಂತ ಮನೆ ಮಾರಿ ಬಂದವರು, ಹಳೆಯ ಮಾಲೀಕರು ತೀರಿಕೊಂಡು ಮಕ್ಕಳು ವಿದೇಶದಲ್ಲಿರುವವರು, ಎಲ್ಲರೂ ಈ ಸಾಲಿನವರೇ. ಗಂಡನ ಹೊಡೆತ ತಾಳದೆ ಹೊರಬಂದ ಹೆಣ್ಣುಮಗಳ ಸ್ಥಿತಿಯಂತೂ ಹೇಳತೀರದು. 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯಂತೆ ಅವಳಿಗೆ ಬೇರೆ ಮನೆ ಮಾಡಿಕೊಡು, ಇಲ್ಲವೇ ಅದರ ಬಾಡಿಗೆ ಕೊಡು ಎಂದು ಗಂಡನಿಗೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಆದರೆ ಮನೆ ನೋಡಲು ಹೋದ ಕಡೆ "ಇಷ್ಟು ದಿನ ಎಲ್ಲಿದ್ದೆ, ಯಾಕೆ ಬಿಟ್ಟೆ" ಎಂಬ ಪ್ರಶ್ನೆಗೆ ಅವಳು ಏನು ಉತ್ತರ ಕೊಡಬೇಕು? ನಿಜ ಹೇಳಿದರೆ ಮನೆ ಸಿಗುವುದಿಲ್ಲ, ಸುಳ್ಳು ಹೇಳಲು ಮನಸ್ಸು ಬರುವುದಿಲ್ಲ.

"ನಿನ್ನ ಬಗ್ಗೆ ಹೇಳೋರು ಯಾರು" ಎಂಬುದರ ಒಳಗೆ ಎಷ್ಟೋ ಸಲ "ನೀನು ಯಾವ ಜನ" ಎಂಬ ಪ್ರಶ್ನೆ ಅಡಗಿರುತ್ತದೆ. ಹೆಸರು, ಊರು, ಊಟ ವಿಚಾರಿಸುತ್ತ ವಿಚಾರಿಸುತ್ತ ಅಲ್ಲಿಗೇ ಬರುತ್ತಾರೆ. 1917ರಲ್ಲಿ ಅಂಬೇಡ್ಕರ್ ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು, ಮಹಾರಾಜರ ನೆರವಿನಿಂದಲೇ ಓದಿದವರು. ಇದಕ್ಕಿಂತ ದೊಡ್ಡ ಶಿಫಾರಸು ಆ ಊರಿನಲ್ಲಿ ಯಾರಿಗಿತ್ತು? ಆದರೂ ಇರಲು ಒಂದು ಕೋಣೆ ಸಿಗದೆ, ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿಯಬೇಕಾಯಿತು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಗೆಳೆಯರ ಮನೆಯಲ್ಲೂ ಜಾಗವಾಗಲಿಲ್ಲ. ಕಾಮಾಟಿ ಬಾಗ್ ಉದ್ಯಾನದಲ್ಲಿ ಹೊತ್ತು ಕಳೆದು ಅವರು ಮುಂಬೈ ರೈಲು ಹತ್ತಿದ್ದನ್ನು 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದ ಬರಹದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಹತ್ತಿರಹತ್ತಿರ ನೂರು ವರ್ಷದ ನಂತರ, 2015ರಲ್ಲಿ, ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಮತ್ತು ಸುತ್ತಲಿನ ಊರುಗಳಲ್ಲಿ ಬಾಡಿಗೆ ಮನೆ ಕೇಳಿ ನಡೆಸಿದ ಅಧ್ಯಯನ ಪ್ರಕಟವಾಯಿತು. ದಲಿತರಿಗೂ ಮುಸ್ಲಿಮರಿಗೂ ಮನೆ ನಿರಾಕರಿಸುವುದು, ಇಲ್ಲದ ಷರತ್ತು ಹಾಕುವುದು ಈಗಲೂ ನಡೆದಿದೆ ಎಂದು ಅದು ತೋರಿಸಿತು. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಭೇದವನ್ನು ತಡೆಯುತ್ತದೆ. ಆ ಪಟ್ಟಿಯಲ್ಲಿ ಬಾಡಿಗೆ ಮನೆಯ ಹೆಸರಿಲ್ಲ. ಗುಣ ವಿಚಾರಿಸುವ ನೆಪ ದೊಡ್ಡದಾದಷ್ಟೂ ಈ ಭೇದ ಅಡಗಿಕೊಳ್ಳಲು ಜಾಗ ದೊಡ್ಡದಾಗುತ್ತದೆ.

ಹಾಗಾದರೆ ಏನು ಕೇಳಬೇಕು? ಮನೆ ಕೊಡುವವರಿಗೆ ಮೂರು ವಿಷಯ ತಿಳಿಯುವ ಹಕ್ಕಿದೆ ಎಂದು ನನ್ನ ಅಭಿಪ್ರಾಯ. ಬಂದವರು ಹೇಳಿಕೊಂಡ ವ್ಯಕ್ತಿಯೇ ಹೌದೆ, ಬಾಡಿಗೆ ಕೊಡುವ ಶಕ್ತಿಯಿದೆಯೆ, ಮನೆ ಹಾಳಾದರೆ ತುಂಬಿಕೊಡುವ ಏರ್ಪಾಟಿದೆಯೆ. ಮೊದಲನೆಯದಕ್ಕೆ ಗುರುತಿನ ಚೀಟಿಯಿದೆ. ಎರಡನೆಯದಕ್ಕೆ ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಹಾಸ್ಟೆಲಿಗೋ ಪಿ.ಜಿ.ಗೋ ಕಟ್ಟಿದ ರಸೀದಿ ಇವೆ. ಮೂರನೆಯದಕ್ಕೇ ಅಲ್ಲವೆ ಅಡ್ವಾನ್ಸ್ ಎಂಬುದು ಹುಟ್ಟಿದ್ದು? ಹತ್ತು ತಿಂಗಳ ಹಣ ಕೈಯಲ್ಲಿರುವಾಗ ಅಪರಿಚಿತರೊಬ್ಬರ ಫೋನ್ ಮಾತು ಅದಕ್ಕಿಂತ ಹೆಚ್ಚಿನ ಯಾವ ರಕ್ಷಣೆ ಕೊಟ್ಟೀತು?

ಇದಕ್ಕೆ ಒಂದು ಆಕ್ಷೇಪಣೆ ಇದೆ. ಕಾಗದವೆಲ್ಲ ಸರಿಯಿದ್ದೂ ಮೋಸ ಮಾಡುವವರಿಲ್ಲವೆ? ಇದ್ದಾರೆ. ಅವರಿಗೆ ಹಳೆಯ ಮಾಲೀಕರ ಹೆಸರಿನಲ್ಲಿ ಗೆಳೆಯನ ನಂಬರ್ ಕೊಡುವುದೂ ಕಷ್ಟವಲ್ಲ. ಆ ಪ್ರಶ್ನೆಗೆ ಮೋಸಗಾರರು ಸಿಕ್ಕಿಬೀಳುವುದಿಲ್ಲ, "ಹಾಸ್ಟೆಲ್‌ನ್ಯಾಗ ಇದ್ದೆ" ಎಂದು ನಿಜ ಹೇಳಿದವರು ಸಿಕ್ಕಿಬೀಳುತ್ತಾರೆ. ಮೋಸದ ನಷ್ಟವನ್ನು ತಡೆಯಬೇಕಾದ್ದು ಚುರುಕಾದ ಕಾನೂನು. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಆ ದಾರಿ ಇದೆ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ, ಕರಾರು ಬರವಣಿಗೆಯಲ್ಲಿರಬೇಕು, ಬಾಡಿಗೆಗೆ ರಸೀದಿ ಕೊಡಬೇಕು. ಅವಧಿ ಮುಗಿದರೂ ಬಿಡದವರು ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಎರಡೂ ಕಡೆಯ ಭಯಕ್ಕೆ ಇಲ್ಲಿ ಉತ್ತರವಿದೆ. ಆದರೆ ಇದು ಮಾದರಿ, ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡಾಗಲೇ ಜೀವ ಬರುವುದು.

ಓದಿಗೋ ನೌಕರಿಗೋ ಲಂಡನ್ನಿಗೆ ಹೋದ ನಮ್ಮ ಮಕ್ಕಳಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಹಿಂದಿನ ಮಾಲೀಕರ ಪತ್ರ ತನ್ನಿ ಎನ್ನುತ್ತಾರೆ, ಆ ದೇಶದಲ್ಲಿ ಹಿಂದಿನ ಮನೆಯೇ ಇಲ್ಲ. ಆದರೆ ಅಲ್ಲಿ ಠೇವಣಿಯ ಜಗಳಕ್ಕೊಂದು ವ್ಯವಸ್ಥೆಯಿದೆ. 2007ರ ಏಪ್ರಿಲ್‌ನಿಂದ ಮಾಲೀಕರು ಠೇವಣಿಯನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದಕ್ಕೆ ಒಳಪಡಿಸಬೇಕು, ತಕರಾರು ಬಂದರೆ ಮೂರನೆಯವರು ತೀರ್ಮಾನಿಸುತ್ತಾರೆ. ಜರ್ಮನಿಯ ಉನ್ನತ ನ್ಯಾಯಾಲಯ 2009ರಲ್ಲಿ ಇನ್ನೂ ಮುಖ್ಯವಾದ ಒಂದು ಮಾತು ಹೇಳಿತು. ಬಾಡಿಗೆ ಬಾಕಿಯಿಲ್ಲವೆಂಬ ಪ್ರಮಾಣಪತ್ರ ಕೊಡಲೇಬೇಕೆಂಬ ಬಾಧ್ಯತೆ ಹಳೆಯ ಮಾಲೀಕನಿಗಿಲ್ಲ, ಪಡೆದ ಹಣಕ್ಕೆ ರಸೀದಿ ಕೊಡುವ ಬಾಧ್ಯತೆ ಇದೆ. ನನಗೆ ಸರಿಯೆನಿಸುವುದು ಈ ಗೆರೆಯೇ. ಒಬ್ಬರ ಗುಣಕ್ಕೆ ಇನ್ನೊಬ್ಬರು ಮುದ್ರೆ ಒತ್ತುವುದು ಬೇಡ, ನಡೆದ ವ್ಯವಹಾರಕ್ಕೆ ಕಾಗದ ಇರಲಿ.

ಆ ಗೆರೆಯನ್ನು ಕಾನೂನು ಬರುವ ತನಕ ಕಾಯದೆ ನಾವೇ ಎಳೆದುಕೊಳ್ಳಬಹುದು. ನಮ್ಮ ಮಹಡಿ ಮನೆಯಲ್ಲಿದ್ದ ದಂಪತಿಗಳು ಯುಗಾದಿಯ ಹೊತ್ತಿಗೆ ಬಿಟ್ಟರು. ಹೊರಡುವ ದಿನ ಅವರಿಗೊಂದು ಕಾಗದ ಬರೆದುಕೊಟ್ಟೆ: ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಇದ್ದರು, ಬಾಡಿಗೆ, ಕರೆಂಟು, ನೀರಿನ ಬಾಕಿಯಿಲ್ಲ, ಅಡ್ವಾನ್ಸ್ ಇಷ್ಟು ಹಿಂದಿರುಗಿಸಿದ್ದೇನೆ. ಒಳ್ಳೆಯವರು ಎಂದಾಗಲಿ ಕೆಟ್ಟವರು ಎಂದಾಗಲಿ ಬರೆಯಲಿಲ್ಲ. ನಂತರ ಬಂದ ಹುಡುಗರಿಬ್ಬರಿಗೆ ಇದು ಮೊದಲ ಬಾಡಿಗೆ ಮನೆ. ಅವರ ಎದುರೇ ಗೋಡೆ, ನಲ್ಲಿ, ಸಿಂಕು, ಕಿಟಕಿ ಗಾಜುಗಳ ಫೋಟೋ ತೆಗೆದು ಎರಡೂ ಕಡೆ ಇಟ್ಟುಕೊಂಡೆವು. ಹಿಂದೆ ಎಲ್ಲಿದ್ದಿರಿ ಎಂದು ನಾನು ಕೇಳಲಿಲ್ಲ.

ಆ ಹಾವೇರಿಯ ಹುಡುಗಿಗೆ ಮನೆ ಸಿಕ್ಕಿದ್ದು ಹನ್ನೊಂದನೆಯ ಪ್ರಯತ್ನಕ್ಕೆ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಜಗಲಿಯ ಮೇಲೆ ಕೂರಿಸಿ, "ಏನಮ್ಮ ಅದು ಫೈಲು?" ಎಂದು ತಾವೇ ಕೈ ಚಾಚಿದರು. ಕನ್ನಡಕ ಏರಿಸಿ ಒಂದೊಂದೇ ಹಾಳೆ ಓದಿದರು. ಹಾಸ್ಟೆಲಿನ ರಸೀದಿಗಳನ್ನು ಎಣಿಸಿ, "ಒಂದು ತಿಂಗಳೂ ತಪ್ಪಿಲ್ಲವಲ್ಲ" ಎಂದರು. ಅಡ್ವಾನ್ಸ್ ಮೂರು ತಿಂಗಳದ್ದು ಸಾಕೆಂದರು. ಆ ಶುಕ್ರವಾರ ತಾಯಿ ಮಗಳು ಹಾಲುಕ್ಕಿಸುವಾಗ ನಾನೂ ಹೋಗಿದ್ದೆ. ಅಡುಗೆಮನೆಯ ಗೂಡಿನಲ್ಲಿ ದೇವರ ಪಟದ ಪಕ್ಕಕ್ಕೆ ಅದೇ ಫೈಲು ಒರಗಿತ್ತು. ಆ ತಿಂಗಳ ಬಾಡಿಗೆಗೆ ಅವರು ಬರೆದುಕೊಟ್ಟ ಮೊದಲ ರಸೀದಿ ಆಗಲೇ ಅದರೊಳಗೆ ಸೇರಿತ್ತು.