ಬಾಲಣ್ಣನ ಸ್ಟುಡಿಯೊ, ಶಂಕರನ ರಂಗಮಂದಿರ

ಬೆಂಗಳೂರಿನ ಆಟೊಗಳ ಬೆನ್ನಮೇಲಿನ ಚಿತ್ರಗಳಲ್ಲಿ ನಟ ಶಂಕರ್ ನಾಗ್‌ಗೆ ಇವತ್ತಿಗೂ ಮೂವತ್ತೈದೇ ವರ್ಷ. ಅವರು ತೀರಿಕೊಂಡ ಮೇಲೆ ಹುಟ್ಟಿದ ಚಾಲಕರೂ ಅವರ ಹುಟ್ಟುಹಬ್ಬ, ನವೆಂಬರ್ 9, ಬಂತೆಂದರೆ ನಿಲ್ದಾಣದಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತಾರೆ. 1980ರ ‘ಆಟೋ ರಾಜ’ ಬೆಸೆದ ನಂಟು ಅದು. ಇತ್ತ ಆಗುಂಬೆಗೆ ಹೋದವರು ಮಳೆ, ಸೂರ್ಯಾಸ್ತ ನೋಡುವುದರ ಜೊತೆಗೆ ಅವರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಚಿತ್ರೀಕರಣ ನಡೆದ ದೊಡ್ಡಮನೆಯ ಜಗಲಿಯನ್ನೂ ಹುಡುಕಿಕೊಂಡು ಹೋಗುತ್ತಾರೆ. ದೂರದರ್ಶನದ ಕಾಲದ ಆ ಧಾರಾವಾಹಿಯನ್ನು ಈಗ ಮೊಬೈಲಿನಲ್ಲಿ ನೋಡುವ ಮಕ್ಕಳಿಗೂ ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ ಬಾಯಿಪಾಠ.

ಹಳೆಯ ಸಿನಿಮಾ, ಹಳೆಯ ಧಾರಾವಾಹಿಗಳ ಮೇಲಿನ ಈ ಪ್ರೀತಿಯಲ್ಲಿ ಕೊಂಕು ಹುಡುಕಬೇಕಾಗಿಲ್ಲ. ಅದು ಒಂದು ಭಾಷೆಯ ಜನ ತಮ್ಮವರನ್ನು ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುವ ಬಗೆ. ಆದರೆ ಈ ಪ್ರೀತಿ ತೆರೆಯ ಮೇಲಿನ ಮುಖಕ್ಕೇ ನಿಂತುಬಿಡುತ್ತದೆ. ತೆರೆಯ ಹಿಂದೆ ಯಾರು ಏನನ್ನು ಕಟ್ಟಲು ಹೆಣಗಿದರು, ಅದರಲ್ಲಿ ಯಾವುದು ಉಳಿಯಿತು, ಯಾವುದು ಯಾಕೆ ಉಳಿಯಲಿಲ್ಲ ಎಂಬ ವಿಚಾರಣೆಗೆ ಅದು ಇಳಿಯುವುದಿಲ್ಲ. ಕನ್ನಡದ ಮಟ್ಟಿಗೆ ಈ ವಿಚಾರಣೆಗೆ ಬೇಕಾದ ಎರಡು ಉದಾಹರಣೆಗಳು ಬೆಂಗಳೂರಿನಲ್ಲೇ ಇವೆ. ಎರಡಕ್ಕೂ ಸರ್ಕಾರದ ನೆಲವೇ ಆಧಾರ. ಎರಡರ ಹಿಂದೆಯೂ ಸೋಲೊಪ್ಪದ ಒಬ್ಬೊಬ್ಬರಿದ್ದರು. ಒಂದರ ಹೆಸರು ಅಭಿಮಾನ್ ಸ್ಟುಡಿಯೊ, ಇನ್ನೊಂದರ ಹೆಸರು ರಂಗಶಂಕರ.

ಅರಸೀಕೆರೆ ಕಡೆಯ ಬಡ ಹುಡುಗ ಟಿ.ಎನ್. ಬಾಲಕೃಷ್ಣ ಕಂಪನಿ ನಾಟಕಗಳಲ್ಲಿ ಪಳಗಿ ಸಿನಿಮಾಕ್ಕೆ ಬಂದು ಎಲ್ಲರ ‘ಬಾಲಣ್ಣ’ ಆದವರು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿಗಿರುವವರ ಮಾತು ಎಲ್ಲಿ ಮುಗಿಯಿತೆಂದು ತಿಳಿಯಲು ಅವರ ತುಟಿಗಳನ್ನೇ ಗಮನಿಸುತ್ತಿದ್ದರು ಎನ್ನುವುದು ಚಿತ್ರರಂಗದಲ್ಲಿ ಎಲ್ಲರೂ ಬಲ್ಲ ಮಾತು. ಇದರ ಕಷ್ಟ ಎಂಥದೆಂದು ಒಮ್ಮೆ ಊಹಿಸಿಕೊಳ್ಳಬೇಕು. ಬಾಲಣ್ಣನ ಪಾತ್ರಗಳ ಜೀವವೇ ಮಾತು: ಬೆಣ್ಣೆ ಹಚ್ಚುವ ಮಾತು, ಚಾಡಿ ಮಾತು, ರಾಗ ಎಳೆದು ತಟ್ಟನೆ ಕತ್ತರಿಸುವ ಮಾತು. ಅಂಥ ಮಾತಿಗೆ ಬೇಕಾದ ಕಾಲದ ಹಿಡಿತವನ್ನು ಅವರು ಕಣ್ಣಿನಿಂದ ಸಾಧಿಸಿದರು. ನೂರಾರು ಚಿತ್ರಗಳಲ್ಲಿ ಖಳನಾಗಿ, ಹಾಸ್ಯಗಾರನಾಗಿ, ಒಮ್ಮೊಮ್ಮೆ ಎರಡೂ ಆಗಿ ಕಾಣಿಸಿಕೊಂಡರು. 1972ರ ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ನೆನೆದರೆ ಅವರೊಳಗಿನ ಮೃದು ಮನುಷ್ಯನೂ ಕಣ್ಣಿಗೆ ಕಟ್ಟುತ್ತಾನೆ.

ಈಗ ಸುವರ್ಣಯುಗ ಎಂದು ಕರೆಯುವ ಕಾಲದಲ್ಲಿ ಕಲಾವಿದರ ಕೈಯಲ್ಲಿ ಸುವರ್ಣವೇನೂ ಇರಲಿಲ್ಲ. ಕನ್ನಡ ಚಿತ್ರಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದವು, ಅವುಗಳ ಸಂಖ್ಯೆಯೂ ಕಡಿಮೆ. ಕೆಲಸವಿಲ್ಲದೆ ಕೂರುವ ಬದಲು ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿದರು. ತಾವೇ ನಿರ್ಮಾಪಕರಾಗಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ತೆರೆಗೆ ತಂದರು. ಆ ಚಿತ್ರದ ಬಗ್ಗೆ ಮಾತಾಡುವವರು ರಾಜ್ ಅವರ ಗತ್ತನ್ನು ಹೊಗಳುತ್ತಾರೆ. ನಟರು ತಮ್ಮ ಹೊಟ್ಟೆಪಾಡಿಗಾಗಿ ಒಂದು ಉದ್ಯಮವನ್ನೇ ಹೆಗಲ ಮೇಲೆ ಹೊತ್ತರೆಂಬುದು ಮಾತ್ರ ಪಕ್ಕದ ಟಿಪ್ಪಣಿಯಾಗಿ ಉಳಿದಿದೆ.

ಮದರಾಸಿನ ಹಂಗು ಹರಿಯಬೇಕು ಎಂಬ ಹಂಬಲವೇ ಬಾಲಣ್ಣನನ್ನು ಕೆಂಗೇರಿ ಸಮೀಪದ ಬಯಲಿಗೆ ಕರೆದೊಯ್ದದ್ದು. ಸರ್ಕಾರ ಕೊಟ್ಟ 20 ಎಕರೆಯಲ್ಲಿ ಅಭಿಮಾನ್ ಸ್ಟುಡಿಯೊ ಎದ್ದಿತು. ಪಾತ್ರದ ಸಂಭಾವನೆ ನಂಬಿ ಸ್ಟುಡಿಯೊ ನಡೆಸುವುದು ಹುಡುಗಾಟವಲ್ಲ. ಚಿತ್ರೀಕರಣ ಇಲ್ಲದ ದಿನವೂ ಖರ್ಚು ನಿಲ್ಲುವುದಿಲ್ಲ. ಅದೂ ಸಾಲದೆಂಬಂತೆ ಎಪ್ಪತ್ತರ ದಶಕದಿಂದ ಕನ್ನಡದ ಕ್ಯಾಮೆರಾ ಹೊರಾಂಗಣಕ್ಕೆ, ಮಲೆನಾಡಿನ ಹಳ್ಳಿಗಳಿಗೆ, ನಿಜವಾದ ಮನೆಗಳಿಗೆ ಹೊರಟಿತು. ಸ್ಟುಡಿಯೊ ಫ್ಲೋರುಗಳ ಬೇಡಿಕೆ ಇಳಿಯಿತು. ಒಳ್ಳೆಯ ಸಿನಿಮಾಕ್ಕೆ ವರವಾದ ಬದಲಾವಣೆ ಸ್ಟುಡಿಯೊ ಕಟ್ಟಿದವನಿಗೆ ಹೊರೆಯಾಯಿತು. ಬಾಲಣ್ಣ 1995ರಲ್ಲಿ ತೀರಿಕೊಂಡರು. 2009ರ ಡಿಸೆಂಬರ್ 30ರಂದು ನಟ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಅಲ್ಲೇ ನಡೆದ ಮೇಲೆ ‘ಅಭಿಮಾನ್’ ಎಂದರೆ ಅಭಿಮಾನಿಗಳಿಗೆ ಸಮಾಧಿಯ ಜಾಗವಾಯಿತು, ನ್ಯಾಯಾಲಯಕ್ಕೆ ಭೂವ್ಯಾಜ್ಯವಾಯಿತು. 2025ರ ಆಗಸ್ಟ್‌ನಲ್ಲಿ ಆ ಸಮಾಧಿಯನ್ನು ತೆರವು ಮಾಡಿದಾಗ ಎದ್ದ ನೋವು, ಸಿಟ್ಟು ಎಲ್ಲವೂ ನಿಜವೇ. ಆದರೂ ಆ ದಿನಗಳ ಚರ್ಚೆಯಲ್ಲಿ ಸ್ಟುಡಿಯೊ ಕಟ್ಟಿದ ನಟನ ಪ್ರಸ್ತಾಪ ಬಂದದ್ದು ಅಪರೂಪ.

ಇನ್ನೊಂದು ಕಥೆಯ ಆರಂಭ ಇದಕ್ಕಿಂತ ಘೋರ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ನಡೆದ ಅಪಘಾತದಲ್ಲಿ ಶಂಕರ್ ನಾಗ್ ಹೋದರು. ಅದೇ ಕಾರಿನಲ್ಲಿದ್ದ ಅವರ ಪತ್ನಿ ಅರುಂಧತಿ ನಾಗ್ ತೀವ್ರವಾಗಿ ಗಾಯಗೊಂಡರು. ಹೊರಗಿನಿಂದ ಬಂದು ಕನ್ನಡ ಕಲಿತು, ಕನ್ನಡ ರಂಗಭೂಮಿಯನ್ನೇ ಮನೆ ಮಾಡಿಕೊಂಡ ಕಲಾವಿದೆ ಅವರು. ದೇಹ ಚೇತರಿಸಿಕೊಳ್ಳಬೇಕು, ಪುಟ್ಟ ಮಗಳನ್ನು ಬೆಳೆಸಬೇಕು, ಗಂಡ ಹಚ್ಚಿಕೊಂಡಿದ್ದ ಹತ್ತಾರು ಯೋಜನೆಗಳ ಲೆಕ್ಕ ನೋಡಬೇಕು. ಎಲ್ಲದರ ನಡುವೆ ಅವರು ಕೈಬಿಡದೆ ಹಿಡಿದದ್ದು ನಾಟಕಕ್ಕೆಂದೇ ಒಂದು ಮನೆ ಬೇಕು ಎಂಬ ಆಸೆಯನ್ನು. ಮುಂಬೈಯಲ್ಲಿ 1978ರಿಂದ ನಡೆಯುತ್ತಿದ್ದ ಪೃಥ್ವಿ ಥಿಯೇಟರ್ ಮಾದರಿಯಾಗಿ ಕಣ್ಣೆದುರಿಗಿತ್ತು.

ಆ ಆಸೆಯನ್ನು ಈಡೇರಿಸಲು 1992ರಲ್ಲಿ ಸಂಕೇತ್ ಟ್ರಸ್ಟ್ ಹುಟ್ಟಿತು. ಜೆ.ಪಿ. ನಗರದಲ್ಲಿ ಸರ್ಕಾರ ನಿವೇಶನ ಕೊಟ್ಟಿತು. ಗಿರೀಶ ಕಾರ್ನಾಡರಂಥವರು ಬೆನ್ನಿಗೆ ನಿಂತರು. ರಂಗಶಂಕರದ ಬಾಗಿಲು ತೆರೆದದ್ದು 2004ರ ಅಕ್ಟೋಬರ್‌ನಲ್ಲಿ. ಅಪಘಾತಕ್ಕೂ ಆ ಸಂಜೆಗೂ ನಡುವೆ ಹದಿನಾಲ್ಕು ವರ್ಷ. ಈ ಹದಿನಾಲ್ಕು ವರ್ಷಗಳಲ್ಲಿ ಆಟೊ ಬೆನ್ನಿನ ಚಿತ್ರಕ್ಕೆ ಒದಗುವ ದೃಶ್ಯ ಒಂದೂ ಇಲ್ಲ: ಕಡತ ಹಿಡಿದು ಕಚೇರಿ ಸುತ್ತುವುದು, ದೇಣಿಗೆ ಕೇಳುವುದು, ಹಣ ಸಾಲದಾಗ ಕಾಯುವುದು. ಅರುಂಧತಿಯವರಿಗೆ 2010ರಲ್ಲಿ ಬಂದ ಪದ್ಮಶ್ರೀ, ‘ಪಾ’ ಚಿತ್ರಕ್ಕೆ ಸಿಕ್ಕ ರಾಷ್ಟ್ರಪ್ರಶಸ್ತಿ ಸುದ್ದಿಯಾದವು. ಅವಕ್ಕಿಂತ ದೊಡ್ಡ ಸಾಧನೆ ಸಂಜೆ ಏಳೂವರೆಗೆ ಮುಚ್ಚುವ ಬಾಗಿಲಿನದು. ತಡವಾಗಿ ಬಂದವರು ಯಾರೇ ಆಗಲಿ, ಒಳಗೆ ಬಿಡುವುದಿಲ್ಲ. ಸಭಾಂಗಣ ಮುನ್ನೂರು ಚಿಲ್ಲರೆ ಆಸನಗಳದ್ದು, ನಾಟಕಕ್ಕೇ ಮೀಸಲು. ತಂಡಗಳಿಗೆ ಕೈಗೆಟಕುವ ಬಾಡಿಗೆ. ಮಕ್ಕಳ ರಂಗಭೂಮಿಗೆ ಪ್ರತ್ಯೇಕ ಉತ್ಸವ.

ಹೀಗೆ ಪಕ್ಕಪಕ್ಕ ಇಟ್ಟು ನೋಡಿದರೆ ಬಾಲಕೃಷ್ಣ ಅವರ ಛಲ ಅರುಂಧತಿಯವರ ಛಲಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯದೆಂದು ಯಾರೂ ಹೇಳಲಾರರು. ವ್ಯತ್ಯಾಸ ಇರುವುದು ಆಸರೆಯಲ್ಲಿ. ರಂಗಶಂಕರ ಟ್ರಸ್ಟಿನ ಸೊತ್ತು, ಅದಕ್ಕೆ ದಾನಿಗಳಿದ್ದಾರೆ, ನಿಯಮಗಳಿವೆ, ನಡೆಸುವವರು ಬದಲಾದರೂ ಉದ್ದೇಶ ಬದಲಾಗದಂಥ ಏರ್ಪಾಡಿದೆ. ಅಭಿಮಾನ್ ಸ್ಟುಡಿಯೊಗೆ ಇದ್ದದ್ದು ಒಬ್ಬ ಪೋಷಕ ನಟನ ಬೆವರು. ನೆಲ ಕೊಟ್ಟಲ್ಲಿಗೆ ತನ್ನ ಕರ್ತವ್ಯ ಮುಗಿಯಿತೆಂದು ಸರ್ಕಾರ ಅಂದುಕೊಂಡಿತು. ಬೆಂಗಳೂರಿನಲ್ಲೇ ಸ್ಟುಡಿಯೊ ಬೇಕೆಂದು ಬಯಸಿದ ಚಿತ್ರೋದ್ಯಮ ಅದನ್ನು ಉಳಿಸಿಕೊಳ್ಳುವ ಹೊಣೆ ಹೊರಲಿಲ್ಲ. ಹಾಗಾಗಿ ಗೆದ್ದ ಕಥೆಯನ್ನು ಮಾತ್ರ ಸ್ಫೂರ್ತಿ ಎಂದು ಹಂಚಿಕೊಳ್ಳುವ ಈಗಿನ ರೂಢಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಮನಸ್ಸು ಮಾಡಿದರೆ ಆಗದ್ದಿಲ್ಲ ಎಂಬ ಮಾತನ್ನು ಬಾಲಣ್ಣನ ಬದುಕಿನ ಎದುರು ಹೇಳುವುದು ಅನ್ಯಾಯ.

ಕೆಂಗೇರಿಯ ಆ ನೆಲದ ಕಾನೂನಿನ ಪ್ರಶ್ನೆಯನ್ನು ನ್ಯಾಯಾಲಯ ತೀರ್ಮಾನಿಸಲಿ. ಅದಕ್ಕೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಬಾಲಣ್ಣನಂತೆಯೇ ಕಿವಿ ಕೇಳದ ಕನ್ನಡಿಗನೊಬ್ಬ ಇವತ್ತು ಬಾಲಕೃಷ್ಣ ಅವರ ಚಿತ್ರ ನೋಡಲು ಕುಳಿತರೆ ಬಹುಪಾಲು ಹಳೆಯ ಚಿತ್ರಗಳಿಗೆ ಕನ್ನಡದ ಅಕ್ಷರಸಾಲುಗಳೇ (ಸಬ್‌ಟೈಟಲ್) ಇಲ್ಲ. ಶ್ರವಣ ದೋಷ ಇರುವವರಿಗೂ ಚಿತ್ರಮಂದಿರದಲ್ಲಿ ಸಿನಿಮಾ ದಕ್ಕಬೇಕೆಂದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2024ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರ ಗಮನ ಇರುವುದು ಹೊಸ ಚಿತ್ರಗಳ ಮೇಲೆ. ಹಳೆಯವಕ್ಕೆ ಅಕ್ಷರಸಾಲು ಸೇರಿಸುವ ಕೆಲಸವನ್ನು ಕರ್ನಾಟಕ ಚಲನಚಿತ್ರ ಅಕಾಡೆಮಿ ಕೈಗೆತ್ತಿಕೊಳ್ಳಬಹುದು. ಹಕ್ಕುಗಳು ಹಲವರ ಬಳಿ ಹಂಚಿಹೋಗಿರುವುದರಿಂದ ನಿರ್ಮಾಪಕರನ್ನೂ ವಾಹಿನಿಗಳನ್ನೂ ಒಟ್ಟಿಗೆ ಕೂರಿಸಿ ಮಾತಾಡಬೇಕಾಗುತ್ತದೆ. ಮೊದಲ ಕಂತಿಗೆ ಬಾಲಣ್ಣ ನಟಿಸಿದ ಇಪ್ಪತ್ತೈದು ಚಿತ್ರಗಳನ್ನು ಆರಿಸಿಕೊಂಡರೆ ಸಾಕು. ‘ರಣಧೀರ ಕಂಠೀರವ’ ಮತ್ತು ‘ಬಂಗಾರದ ಮನುಷ್ಯ’ ಆ ಪಟ್ಟಿಯಲ್ಲಿ ಇರಲೇಬೇಕು.